ಒಂದೂ ಎಳೆ ಹರಿಯದ ಹಾಸು

ಇಳಕಲ್ಲಿನ ನಿಂಗಣ್ಣನ ಶೆಡ್ಡಿಗೆ ಕರೆಂಟಿನ ಡ್ರಮ್ಮು ಬಂದದ್ದು ಎರಡು ಸಾವಿರದ ನಾಲ್ಕನೆಯ ಇಸವಿಯಲ್ಲಿ. ಅದಕ್ಕೂ ಮೊದಲು ಸೀರೆಯ ಹಾಸನ್ನು, ಅಂದರೆ ಮಗ್ಗದ ಮೇಲೆ ಉದ್ದಕ್ಕೆ ಬಿಗಿಯುವ ಎಳೆಗಳನ್ನು, ಹೆಂಗಸರು ಕೈಯಿಂದ ತಿರುಗಿಸುವ ಮರದ ಚೌಕಟ್ಟಿಗೆ ಸುತ್ತುತ್ತಿದ್ದರು. ಕೈ ನಿಂತರೆ ಚೌಕಟ್ಟು ನಿಲ್ಲುತ್ತಿತ್ತು. ನಿಲ್ಲಿಸುವುದು ಕೂಡ ಒಂದು ಬೇರೆ ಕೆಲಸ, ಅದಕ್ಕೂ ಒಬ್ಬರು ತಲೆ ಕೆಡಿಸಿಕೊಳ್ಳಬೇಕು ಎಂದು ಆಗ ಯಾರಿಗೂ ಹೊಳೆದಿರಲಿಲ್ಲ.

ಹೊಸ ಡ್ರಮ್ಮು ಹೊಸದೇನಲ್ಲ. ಇಚಲಕರಂಜಿಯಲ್ಲಿ ಯಾರೋ ಬಳಸಿ ಬಿಟ್ಟಿದ್ದನ್ನು ನಿಂಗಣ್ಣ ಲಾರಿಗೆ ಹಾಕಿಸಿಕೊಂಡು ಬಂದಿದ್ದ. ಆಳೆತ್ತರದ ಗಾಲಿ, ಸುತ್ತಲೂ ಮರದ ಪಟ್ಟಿ, ನಡುವೆ ಕಬ್ಬಿಣದ ಅಚ್ಚು. ಒಮ್ಮೆ ವೇಗ ಹಿಡಿಯಿತೆಂದರೆ ಮುನಿಸಿಕೊಂಡು ಊಟ ಬಿಟ್ಟು ಎದ್ದ ಬೀಗರ ಹಾಗೆ, ಯಾರು ಕೈ ಹಿಡಿದರೂ ನಿಲ್ಲುವ ಜಾತಿಯದಲ್ಲ. ಅದರ ಎದುರಿಗೆ ಒಂದು ದೊಡ್ಡ ಸ್ಟ್ಯಾಂಡು. ಅದರ ತುಂಬ ರೇಷ್ಮೆ ಸುತ್ತಿದ ಬಾಬಿನ್ನುಗಳು. ಒಂದೊಂದು ಬಾಬಿನ್ನಿನಿಂದ ಒಂದೊಂದು ಎಳೆ ಹೊರಟು, ಬಾಚಣಿಗೆಯಂಥ ಹಲ್ಲುಗಳ ನಡುವೆ ಹಾದು, ಎಲ್ಲ ಒಟ್ಟಾಗಿ ಡ್ರಮ್ಮಿನ ಮೇಲೆ ಹೋಗಿ ಮಲಗುತ್ತಿದ್ದವು.

ಅದಕ್ಕೆ ಮೋಟಾರು ಕೂಡಿಸಿದವನು ಚಾಂದಸಾಬ. ಬಸ್ ಸ್ಟ್ಯಾಂಡಿನ ಹಿಂದೆ ಅವನದೊಂದು ಮೋಟಾರು ಸುತ್ತುವ ಅಂಗಡಿ. ಅದಕ್ಕೂ ಮೊದಲು ಗ್ರಾನೈಟ್ ಫ್ಯಾಕ್ಟರಿಯಲ್ಲಿ ಕಲ್ಲು ಕೊಯ್ಯುವ ಮಷೀನುಗಳ ಹಿಂದೆ ಓಡಾಡಿ ಡ್ರೈವ್ ಎಂಬ ಪೆಟ್ಟಿಗೆಯ ಮರ್ಮ ಕಲಿತಿದ್ದ. ಮೋಟಾರನ್ನು ಮೆಲ್ಲಗೆ ಎಬ್ಬಿಸುವುದು, ಓಡಿಸುವುದು, ಮೆಲ್ಲಗೆ ಕೂರಿಸುವುದು ಎಲ್ಲ ಆ ಪೆಟ್ಟಿಗೆಯ ಕೆಲಸ. ಅವನು ಮೊದಲ ಸಲ ಕೆಂಪು ಬಟನ್ನಿಗೆ ಕೊಟ್ಟ ಸಂಪರ್ಕ ಸೀದಾ ಸಾದಾ ಇತ್ತು. ಒತ್ತಿದರೆ ಕರೆಂಟು ಹೋಗಬೇಕು, ಅಷ್ಟೇ. ಕರೆಂಟೇನೋ ಹೋಯಿತು. ಡ್ರಮ್ಮು ಮಾತ್ರ ತನ್ನ ಭಾರಕ್ಕೆ ತಾನೇ ಸುತ್ತುತ್ತ, ಹೆಂಗಸರು ಬಾಯಿಗೆ ಸೆರಗು ಹಿಡಿದು ನಗುವಷ್ಟು ಹೊತ್ತು ಸುತ್ತುತ್ತಲೇ ಇತ್ತು. ಚಾಂದಸಾಬ ನಗಲಿಲ್ಲ. ಮರುದಿನ ಬಂದು ವೈರುಗಳನ್ನೆಲ್ಲ ಬಿಚ್ಚಿ ಬೇರೆ ಥರ ಜೋಡಿಸಿದ. ಈಗ ಕೆಂಪು ಬಟನ್ನು ಒತ್ತಿದರೆ ಪೆಟ್ಟಿಗೆ ಮೊದಲು ತನ್ನ ಶಕ್ತಿಯನ್ನೆಲ್ಲ ಹಾಕಿ ಡ್ರಮ್ಮನ್ನು ಹಿಡಿದು ನಿಲ್ಲಿಸುತ್ತಿತ್ತು. ಅದು ನಿಂತ ಮೇಲೆ ಕರೆಂಟು ಕಡಿಯುತ್ತಿತ್ತು. ಒತ್ತಿದ ಬಟನ್ನು ಒಳಗೇ ಕೂತಿರುತ್ತಿತ್ತು. ಅದನ್ನು ತಿರುವಿ ಮೇಲೆಬ್ಬಿಸುವ ತನಕ ಮಷೀನು ಮತ್ತೆ ಹೊರಡುವ ಹಾಗಿರಲಿಲ್ಲ. ಪಕ್ಕದಲ್ಲೇ ಒಂದು ಕರಿ ಬಟನ್ನನ್ನೂ ಇಟ್ಟ. ಅದನ್ನು ಒತ್ತಿದರೆ ಡ್ರಮ್ಮು ನಿಧಾನಕ್ಕೆ, ಮರ್ಯಾದೆಯಿಂದ ನಿಲ್ಲುತ್ತಿತ್ತು.

ರೇಷ್ಮೆ ಹಾಕಿದ ಮೊದಲ ದಿನವೇ ನಿಂಗಣ್ಣ ಪರೀಕ್ಷೆಗೆಂದು ಕೆಂಪು ಬಟನ್ನು ಒತ್ತಿಬಿಟ್ಟ. ಡ್ರಮ್ಮು ಗಕ್ಕನೆ ನಿಂತಿತು. ಆದರೆ ಡ್ರಮ್ಮು ನಿಂತ ಸುದ್ದಿ ಸ್ಟ್ಯಾಂಡಿನಲ್ಲಿದ್ದ ಬಾಬಿನ್ನುಗಳಿಗೆ ಯಾರು ಹೇಳಬೇಕು? ಅವು ತಮ್ಮ ಪಾಡಿಗೆ ಗರಗರ ತಿರುಗಿ ರೇಷ್ಮೆಯನ್ನು ಸುರಿದವು. ಎಳೆಗೆ ಎಳೆ ಸುತ್ತಿಕೊಂಡು ಸ್ಟ್ಯಾಂಡಿನ ತುಂಬ ಸಿಕ್ಕು. ಬಿಡಿಸಲು ಹೋದರೆ ಪಟಪಟ ಹರಿದವು. ಶೆಡ್ಡಿನ ಹೆಂಗಸರೆಲ್ಲ ದಿನವಿಡೀ ಕೂತು ಗಂಟು ಹಾಕಿದರು. ನಿಂಗಣ್ಣ ಅವತ್ತು ಊಟ ಮಾಡಲಿಲ್ಲ. ಅಂದಿನಿಂದ ಕೆಂಪು ಬಟನ್ನನ್ನು ಯಾರೂ ಮುಟ್ಟಲಿಲ್ಲ. ಮಹಾನವಮಿಗೆ ಅದಕ್ಕೂ ಒಂದು ಕುಂಕುಮದ ಬೊಟ್ಟು ಇಟ್ಟರು. ವರ್ಷವಿಡೀ ಆ ಬೊಟ್ಟು ಹಾಗೇ ಉಳಿಯಿತು, ಒತ್ತಿ ಅಳಿಸುವವರು ಯಾರೂ ಇರಲಿಲ್ಲವಲ್ಲ.

ಚಾಂದಸಾಬ ಮಾತ್ರ ಬಂದಾಗಲೆಲ್ಲ ಒಂದೇ ಮಾತು ಹೇಳುತ್ತಿದ್ದ. "ಅಕ್ಕಾರ, ಕರೇದು ಎಳಿಗೆ, ಕೆಂಪುದು ಕೈಗೆ. ಮರೀಬ್ಯಾಡ್ರಿ."

ಅವನು ಅಕ್ಕಾರ ಎನ್ನುತ್ತಿದ್ದದ್ದು ಶೇಖವ್ವನಿಗೆ. ಶೆಡ್ಡಿನ ಹಿರಿಯಳು ಅವಳೇ. ಬಟನ್ನುಗಳ ಪೆಟ್ಟಿಗೆಯ ಮುಂದೆ ನಿಲ್ಲುವುದು ಅವಳ ಕೆಲಸ. ಐದು ತಲೆಮಾರಿನ ನೇಕಾರರ ಮನೆಯವಳು. ಆ ಮನೆಯಲ್ಲಿ ಹಾಸಿನ ಎಳೆ ಹರಿಯಿತು ಎಂದು ಬಾಯಿಬಿಟ್ಟು ಹೇಳುವ ಹಾಗೇ ಇರಲಿಲ್ಲ. ಹರಿದರೆ ಹಿರಿಯರು ಸುಮ್ಮನೆ ಬೆರಳು ಎತ್ತಿ ತೋರಿಸುತ್ತಿದ್ದರು, ಹುಡುಗಿಯರು ಹೋಗಿ ಗಂಟು ಹಾಕಿ ಬರುತ್ತಿದ್ದರು. ಹಾಸು ದಾಟಿದ ಮಕ್ಕಳನ್ನು ಮತ್ತೆ ಹಿಂದಕ್ಕೆ ದಾಟಿಸಿ, ಎಳೆ ಮುಟ್ಟಿಸಿ, ಕಣ್ಣಿಗೆ ಒತ್ತಿಸಿಕೊಂಡು ಬಿಡುತ್ತಿದ್ದರು. ಇಂಥ ಮನೆಯಲ್ಲಿ ಬೆಳೆದವಳಿಗೆ ಎಳೆ ಎಂದರೆ ಏನು ಎಂದು ಹೊರಗಿನವರಿಗೆ ಹೇಳುತ್ತ ಕೂತರೆ ಬೆಳಗಾಗುತ್ತದೆ, ಬಿಡಿ.

ಪ್ರಿಯದರ್ಶಿನಿ ಶೇಖವ್ವನ ತಂಗಿಯ ಮಗಳು. ತಂಗಿ ಹೆರಿಗೆಯಲ್ಲಿ ತೀರಿಕೊಂಡಾಗ ಬಟ್ಟೆಯಲ್ಲಿ ಸುತ್ತಿದ ಕೂಸನ್ನು ಶೇಖವ್ವನೇ ಎತ್ತಿಕೊಂಡು ಬಂದಿದ್ದಳು. ಹುಡುಗಿಯ ಅಪ್ಪ ಶಂಭು ನೇಕಾರಿಕೆ ಬಿಟ್ಟು ಹುನಗುಂದ ತಾಲೂಕಿನ ಮರೋಳದ ಏತ ನೀರಾವರಿಯಲ್ಲಿ ಪಂಪು ನೋಡಿಕೊಳ್ಳುವ ಕೆಲಸಕ್ಕೆ ಸೇರಿದ್ದ. ಅಮಾವಾಸ್ಯೆಗೋ ಹುಣ್ಣಿಮೆಗೋ ಬಂದು ಮಗಳನ್ನು ನೋಡಿಕೊಂಡು ಹೋಗುತ್ತಿದ್ದ. ಹುಡುಗಿಗೆ ನಡೆಯುವುದು, ಮಾತಾಡುವುದು, ನೇಯುವುದು ಎಲ್ಲ ಕಲಿಸಿದವಳು ದೊಡ್ಡವ್ವನೇ. ಕಲಿತದ್ದೂ ಎಂಥ ಕಲಿಕೆ! ಹೆಬ್ಬೆರಳು ತೋರುಬೆರಳ ನಡುವೆ ಎರಡು ಎಳೆಗಳ ತುದಿ ಹಿಡಿದು ಹೊಸೆದರೆ ಗಂಟು ಎಲ್ಲಿದೆ ಎಂದು ಕಣ್ಣಿಗೆ ಕಾಣುತ್ತಿರಲಿಲ್ಲ. ಕೆಂಪು ರೇಷ್ಮೆಯ ಸೆರಗಿನ ಹಾಸನ್ನು ಸೀರೆಯ ಒಡಲಿನ ಹಾಸಿನ ಜೊತೆ ಕೂಡಿಸುವಾಗ ಓಣಿಯ ಮುದುಕಿಯರು ಅವಳ ಬೆರಳು ನೋಡಲೆಂದೇ ಬಂದು ಕೂಡುತ್ತಿದ್ದರು. ಶೇಖವ್ವ ಬಾಯಲ್ಲಿ ಹೊಗಳುತ್ತಿರಲಿಲ್ಲ, ದೃಷ್ಟಿ ತೆಗೆಯುತ್ತಿದ್ದಳು.

ಆ ದಿನ ಶ್ರಾವಣದ ಒಂದು ಬೆಳಗು. ಸೆರಗಿಗೆಂದು ಕೆಂಪು ರೇಷ್ಮೆಯ ಹಾಸು ನಡೆದಿತ್ತು. ಡ್ರಮ್ಮು ಭರ್ತಿ ವೇಗದಲ್ಲಿತ್ತು. ಒಂದು ಎಳೆ ತನ್ನ ಹಲ್ಲು ಬಿಟ್ಟು ಪಕ್ಕದ ಹಲ್ಲಿಗೆ ಜಿಗಿದದ್ದನ್ನು ಪ್ರಿಯದರ್ಶಿನಿ ಕಂಡಳು. ಇಂಥದಕ್ಕೆ ಯಾರೂ ಮಷೀನು ನಿಲ್ಲಿಸುತ್ತಿರಲಿಲ್ಲ. ಬಗ್ಗಿ ಬೆರಳ ತುದಿಯಿಂದ ಎಳೆಯನ್ನು ಅದರ ಮನೆಗೆ ಕಳಿಸಿದಳು. ಆಗ ಸೊಂಟಕ್ಕೆ ಬಿಗಿದಿದ್ದ ಓಢಣಿಯ ಚುಂಗು ಬಿಚ್ಚಿ ಮುಂದಕ್ಕೆ ಬಿತ್ತು. ಡ್ರಮ್ಮಿನ ಪಟ್ಟಿಯ ಮೊಳೆ ಅದನ್ನು ಕಚ್ಚಿಕೊಂಡಿತು. ಹುಡುಗಿ ಅದನ್ನು ಹಿಂದಕ್ಕೆಳೆಯಲು ಬಲಗೈ ಚಾಚಿದಳು. ಓಢಣಿ ಮಣಿಕಟ್ಟಿಗೆ ಸುತ್ತಿಕೊಂಡು, ಪಟ್ಟಿ ಮತ್ತು ಡ್ರಮ್ಮಿನ ಮುಂದೆ ಅಡ್ಡಕ್ಕಿದ್ದ ಕಬ್ಬಿಣದ ಸಲಾಕೆ ಇವೆರಡರ ನಡುವಿನ ಸಂದಿನ ಕಡೆಗೆ ಕೈಯನ್ನು ಎಳೆಯತೊಡಗಿತು.

ದೊಡ್ಡವ್ವ ಎಂದು ಅವಳು ಕೂಗಿದ ಕೂಡಲೇ ಶೇಖವ್ವನ ಕೈ ಬಟನ್ನಿಗೆ ಹೋಯಿತು. ತಡ ಮಾಡಲಿಲ್ಲ, ಅದನ್ನು ಯಾರೂ ಅನ್ನುವ ಹಾಗಿಲ್ಲ. ಕೂಗಿಗೂ ಕೈಗೂ ನಡುವೆ ಉಸಿರು ಬಿಡುವಷ್ಟು ಅಂತರವೂ ಇರಲಿಲ್ಲ. ಡ್ರಮ್ಮು ವೇಗ ಇಳಿಸಿತು. ಇನ್ನೊಂದು ಸುತ್ತು ಹಾಕಿತು, ಮತ್ತೊಂದು ಹಾಕಿತು, ಸಾವಕಾಶ ಬಂದು ನಿಂತಿತು. ಆ ಸುತ್ತುಗಳಲ್ಲಿ ಹುಡುಗಿಯ ಬೆರಳು ಸಂದಿಗೆ ಹೋಗಿತ್ತು.

ನಿಂಗಣ್ಣ ಜೀಪು ತರಿಸಿದ. ಇಳಕಲ್ಲಿನ ದವಾಖಾನೆಯಲ್ಲಿ ಪಟ್ಟಿ ಕಟ್ಟಿ ಬಾಗಲಕೋಟೆಗೆ ಒಯ್ಯಿರಿ ಎಂದರು. ಜೀಪಿನ ಹಿಂದಿನ ಸೀಟಿನಲ್ಲಿ ಹುಡುಗಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಶೇಖವ್ವ ಕೂತಿದ್ದಳು. ರಸ್ತೆ ಕೆಟ್ಟಿತ್ತು. ಜೀಪು ಎಗರಿದಾಗೊಮ್ಮೆ ಹುಡುಗಿ ಹಲ್ಲು ಕಚ್ಚುತ್ತಿದ್ದಳು, ಅಳುತ್ತಿರಲಿಲ್ಲ. ಅಮೀನಗಡ ದಾಟಿದ ಮೇಲೆ ಕಣ್ಣು ತೆರೆದು ದೊಡ್ಡವ್ವನನ್ನು ನೋಡಿದಳು.

"ಎಳಿ ಹರದಾವೇನು, ದೊಡ್ಡವ್ವ?"

"ಇಲ್ಲವ್ವಾ. ಒಂದೂ ಹರದಿಲ್ಲ."

ಹುಡುಗಿಗೆ ಸಮಾಧಾನವಾಯಿತು. ಮತ್ತೆ ಕಣ್ಣು ಮುಚ್ಚಿಕೊಂಡಳು. ಶೇಖವ್ವನಿಗೆ ಮಾತ್ರ ತಾನಾಡಿದ ಮಾತೇ ಎದೆಗೆ ಬಂದು ಬಡಿಯಿತು. ಒಂದೂ ಹರಿದಿಲ್ಲ. ಸ್ಟ್ಯಾಂಡಿನಲ್ಲಿ ಸಿಕ್ಕು ಇರಲಿಲ್ಲ. ಓಡಿಹೋಗುವಾಗ ಅವಳ ಕಣ್ಣು ಆ ಕಡೆಗೂ ಹೊರಳಿತ್ತು. ಎಳೆಗಳೆಲ್ಲ ಬಾಚಿದ ಕೂದಲಿನ ಹಾಗೆ ನೆಟ್ಟಗಿದ್ದವು. ಕೆಂಪು ಬಟನ್ನು ಒತ್ತಿದ್ದರೆ ಹಾಗಿರಲು ಸಾಧ್ಯವೇ ಇರಲಿಲ್ಲ. ಮಗಳ ಕೈ ಒಳಗೆ ಹೋಗುತ್ತಿರುವಾಗ ತಾನು ಕರಿ ಬಟನ್ನು ಒತ್ತಿದ್ದೇನೆ ಎಂಬುದು ಅವಳಿಗೆ ತಿಳಿದದ್ದೇ ಆಗ.

ಬಾಗಲಕೋಟೆಯ ಡಾಕ್ಟರು ಕೈ ಉಳಿಸಿದರು. ತೋರುಬೆರಳನ್ನು ಮಾತ್ರ ಬುಡದಿಂದ ತೆಗೆಯಬೇಕಾಯಿತು. ಇನ್ನೂ ಎರಡು ಸುತ್ತು ತಿರುಗಿದ್ದರೆ ಮುಂಗೈಯೇ ಹೋಗುತ್ತಿತ್ತು, ಮಷೀನು ನಿಲ್ಲಿಸಿದವರು ಯಾರೋ ಪುಣ್ಯವಂತರು ಎಂದು ಅವರು ಹೇಳಿದ್ದನ್ನು ನಿಂಗಣ್ಣ ಬಂದವರಿಗೆಲ್ಲ ಹೇಳಿದ. ಬಂದವರು ಶೇಖವ್ವನ ಕಾಲು ಮುಟ್ಟುವುದೊಂದು ಬಾಕಿ. ಅವಳು ಗೋಡೆಗೆ ಮುಖ ಮಾಡಿ ಕೂತಳು. ಪಾಪ, ಧಕ್ಕೆ ತಿಂದಿದ್ದಾಳೆ ಎಂದು ಜನ ಅದಕ್ಕೂ ಮರುಗಿದರು.

ಶಂಭು ಮರೋಳದಿಂದ ಬಂದವನು ಮಗಳನ್ನು ನೋಡಿ ಹೊರಗೆ ಬಂದು ಕಂಬಕ್ಕೆ ಆತು ನಿಂತ. ಮೋಟಾರುಗಳ ನಡುವೆಯೇ ಬಾಳುವವನು ಅವನು. ಪಂಪಿಗೆ ಕರೆಂಟು ಹೋದರೆ ಪೈಪಿನೊಳಗಿನ ನೀರು ಹೇಗೆ ತಿರುಗಿ ಬರುತ್ತದೆ, ತಿರುಗುವುದನ್ನು ಹಿಡಿದು ನಿಲ್ಲಿಸುವುದು ಎಷ್ಟು ಕಷ್ಟ ಎಂದು ಗೊತ್ತಿದ್ದವನು. ಹೀಗಾಗಿ ಬೇರೆಯವರು ಕೇಳದ ಪ್ರಶ್ನೆಯನ್ನು ಅವನು ಕೇಳಿದ.

"ಅಕ್ಕಾ, ಕೆಂಪ ಬಟನ್ ಐತೆಲ್ಲ ಅಲ್ಲಿ. ಅದನ್ನ ಒತ್ತಿದಿಲ್ಲ?"

ಶೇಖವ್ವ ತಲೆ ಎತ್ತಿದಳು. ಒಳಗೆ ಹುಡುಗಿ ಮಲಗಿದ್ದಳು. ಬಾಗಿಲು ತೆರೆದಿತ್ತು.

"ಒತ್ತಿದ್ನಿ," ಎಂದಳು.

ಒಂದು ಮಾತು. ಬಾಯಿಂದ ಬೀಳುವಾಗ ಅದಕ್ಕೆ ತೂಕವೇ ಇರಲಿಲ್ಲ. ಬಿದ್ದ ಮೇಲೆ ಎತ್ತಲು ಹೋದರೆ ಏಳದಷ್ಟು ಭಾರವಾಗಿತ್ತು. ಯಾಕೆಂದರೆ ಶಂಭು ಅಲ್ಲಿಂದ ನೆಟ್ಟಗೆ ಮುಂದಿನ ಮಾತಿಗೆ ಹೋದ. ಒತ್ತಿದ ಮೇಲೂ ಗಕ್ಕನೆ ನಿಲ್ಲಲಿಲ್ಲ ಅಂದರೆ ಬಟನ್ನು ಕೂಡಿಸಿದವನದೇ ತಪ್ಪು. ನಿಂಗಣ್ಣನಿಗೂ ಈ ಲೆಕ್ಕ ಹಿಡಿಸಿತು. ಚಾಂದಸಾಬನ ತಪ್ಪು ಎಂದಾದರೆ ಶೆಡ್ಡಿನ ತಪ್ಪು ಅಲ್ಲವಲ್ಲ. ಮೊದಲ ದಿನವೇ ಅವನ ಡ್ರಮ್ಮು ನಿಲ್ಲದೆ ಸುತ್ತಿದ್ದನ್ನು ಈಗ ಎಲ್ಲರೂ ನೆನಪು ಮಾಡಿಕೊಂಡರು. ಅವತ್ತು ನಕ್ಕವರೇ ಈಗ ಹುಬ್ಬು ಗಂಟಿಕ್ಕಿದರು. ಬೇರೆ ಶೆಡ್ಡಿನವರು ರಿಪೇರಿಗೆ ಕೊಟ್ಟ ಮೋಟಾರುಗಳನ್ನು ಅವನ ಅಂಗಡಿಯಿಂದ ಎತ್ತಿಕೊಂಡು ಹೋದರು. ಪೊಲೀಸ್ ಠಾಣೆಗೆ ಹೋಗಿ ಕೇಸು ಹಾಕಿಯೇ ಹಾಕುತ್ತೇನೆ ಎಂದು ಶಂಭು ಹಟ ಹಿಡಿದ.

ಹುಡುಗಿ ಮನೆಗೆ ಬಂದ ಮೇಲೆ ಒಂದು ಸಂಜೆ ಚಾಂದಸಾಬ ಬಂದ. ಹೊಸ್ತಿಲಾಚೆಯೇ ನಿಂತಿದ್ದವನನ್ನು ಶೇಖವ್ವ ಒಳಗೆ ಕರೆದಳು. ಹುಡುಗಿಯ ಕೈ ನೋಡಿ ಅವನು ಗೋಡೆಗೆ ಒರಗಿ ಕೂತ. ಚಹಾ ಕೊಟ್ಟದ್ದನ್ನು ಕುಡಿದ. ಬಟನ್ನು ಒತ್ತಿದಾಗ ಒಳಗೇ ಕೂತಿತ್ತೋ, ತಿರುಗಿ ಮೇಲೆ ಬಂತೋ ಎಂದು ಕೇಳಿದ. ನೋಡಲಿಲ್ಲ ಎಂದಳು ಶೇಖವ್ವ. ಅವನು ಚಹಾದ ಬಟ್ಟಲು ಕೆಳಗಿಟ್ಟ, ನೆಲ ನೋಡುತ್ತಲೇ ಹೇಳಿದ.

"ನಾ ಮರುದಿನಾನ ಹೋಗಿ ನೋಡಿ ಬಂದೇನಿ, ಅಕ್ಕಾರ. ಸ್ಟ್ಯಾಂಡಿನ್ಯಾಗ ಒಂದ ಎಳೀನೂ ಸಿಕ್ಕಾಗಿಲ್ಲ."

ಶೇಖವ್ವ ಬಟ್ಟಲು ಎತ್ತಿಕೊಂಡಳು. ಅವನು ಉತ್ತರಕ್ಕೆ ಕಾಯಲಿಲ್ಲ. ಎದ್ದು ನಿಂತು, ಎಲ್ಲರ ಮುಂದೆ ಒಮ್ಮೆ ಮಷೀನು ನಡೆಸಿ ನೋಡೋಣ ಎಂದು ಶಂಭಣ್ಣನಿಗೆ ಕೇಳಿಕೊಂಡಿದ್ದೇನೆ, ಅವನು ಒಪ್ಪಿದ್ದಾನೆ ಎಂದು ಹೇಳಿ ಹೋದ. ಅವನು ಒಂದು ಕೆಟ್ಟ ಮಾತು ಆಡಿದ್ದರೆ ಶೇಖವ್ವ ತಿರುಗಿ ಬಿದ್ದು ಜಗಳವಾದರೂ ಆಡುತ್ತಿದ್ದಳು. ಆಡಲಿಲ್ಲ ಆ ಪುಣ್ಯಾತ್ಮ.

ಅವತ್ತು ಅವಳಿಗೆ ಅನ್ನ ಇಳಿಯಲಿಲ್ಲ. ಹುಡುಗಿಗೆ ತುತ್ತು ಮಾಡಿ ಉಣಿಸುತ್ತ, ಹೇಳಿಬಿಡಬೇಕು ಎಂದು ಬಾಯಿ ತೆರೆದಳು, ಮತ್ತೊಂದು ತುತ್ತು ಇಟ್ಟಳು. ಅವಳಿಗೆ ಹೆದರಿಕೆ ಇದ್ದದ್ದು ಶಂಭುವಿನದಲ್ಲ, ಊರಿನದೂ ಅಲ್ಲ. ಇಷ್ಟು ವರ್ಷ ನಂಬಿ ಕೈಹಿಡಿದ ಈ ಹುಡುಗಿ ನಾಳೆ ತನ್ನ ಕೈ ತುತ್ತು ಬೇಡ ಎಂದರೆ? ಮಷೀನು ಕೆಟ್ಟಿರಲಿ ದೇವರೇ, ಕೆಂಪು ಬಟನ್ನು ನಿಜವಾಗಿ ಕೆಟ್ಟಿರಲಿ ಎಂದು ಅವಳು ಬೇಡಿಕೊಂಡಳು. ಬೇಡಿಕೊಂಡು ನಾಚಿಕೆಪಟ್ಟಳು. ಮತ್ತೆ ಬೇಡಿಕೊಂಡಳು.

ಮರುದಿನ ಬಿಸಿಲೇರುವ ಹೊತ್ತಿಗೆ ಶೆಡ್ಡಿನಲ್ಲಿ ಎಲ್ಲರೂ ಕೂಡಿದ್ದರು. ಡ್ರಮ್ಮಿನ ಮೇಲೆ ಅದೇ ಕೆಂಪು ಹಾಸು, ಅರ್ಧ ಸುತ್ತಿದ್ದು, ಅಂದು ನಿಂತಲ್ಲಿಯೇ ನಿಂತಿತ್ತು. ಅದನ್ನು ಬಿಚ್ಚಿ ತೆಗೆದು ಆಮೇಲೆ ಪರೀಕ್ಷೆ ಮಾಡಿ ಎಂದು ನಿಂಗಣ್ಣ ಗೋಗರೆದ. ಅಂಥ ಅನಾಹುತದಲ್ಲೂ ಒಂದೂ ಎಳೆ ಹರಿಯದೆ ಉಳಿದದ್ದು ದೇವರ ದಯೆ, ಇದನ್ನು ಹುಡುಗಿಯ ಮದುವೆಗೆ ನೇಯಿಸಿ ತಾನೇ ಉಡುಗೊರೆ ಕೊಡುತ್ತೇನೆ ಎಂದೂ ಹೇಳಿದ. ಶಂಭು ಕೇಳಲಿಲ್ಲ. ಅವತ್ತು ಹೇಗಿತ್ತೋ ಹಾಗೆಯೇ ಇರಬೇಕು ಎಂದ. ಪ್ರಿಯದರ್ಶಿನಿ ಬಾಗಿಲ ಬಳಿ ಕಟ್ಟೆಯ ಮೇಲೆ ಕೂತಿದ್ದಳು. ಬಲಗೈಗೆ ಬಿಳಿ ಪಟ್ಟಿ ಇತ್ತು.

ಚಾಂದಸಾಬ ಪೆಟ್ಟಿಗೆ ತೆರೆದು ಎಲ್ಲರಿಗೂ ತೋರಿಸಿದ. ಒಂದು ವೈರನ್ನೂ ಮುಟ್ಟಿಲ್ಲ ಎಂದು ಶಂಭು ತಾನೇ ನೋಡಿ ಖಾತ್ರಿ ಮಾಡಿಕೊಂಡ. ಮಷೀನು ಚಾಲೂ ಆಯಿತು. ಡ್ರಮ್ಮು ವೇಗ ಹಿಡಿಯಿತು, ಎಳೆಗಳು ಸರಸರ ಓಡತೊಡಗಿದವು. ಆ ಸದ್ದು ಕೇಳಿ ಹುಡುಗಿ ಎಡಗೈಯಿಂದ ಪಟ್ಟಿಯನ್ನು ಮುಚ್ಚಿಕೊಂಡಳು. ಬಟನ್ನು ಯಾರು ಒತ್ತಬೇಕು ಎಂಬ ಮಾತು ಬಂದಾಗ ಚಾಂದಸಾಬ ಹಿಂದೆ ಸರಿದು ನಿಂತ.

"ಅವತ್ತ ಹೆಂಗ ಒತ್ತಿದ್ರಿ, ಹಂಗ ಒತ್ತರಿ, ಅಕ್ಕಾರ."

ಶೇಖವ್ವ ಪೆಟ್ಟಿಗೆಯ ಮುಂದೆ ಬಂದಳು. ಕೆಂಪು ಬಟನ್ನಿನ ಮೇಲೆ ಮಹಾನವಮಿಯ ಕುಂಕುಮ ಒಂದಿಷ್ಟೂ ಅಳಿಸದೆ ಒಣಗಿ ಕರ್ರಗಾಗಿತ್ತು. ಯಾರಾದರೂ ನೋಡುವ ಕಣ್ಣಿದ್ದವರು ಅದನ್ನೊಂದು ನೋಡಿದ್ದರೆ ಇಷ್ಟೆಲ್ಲ ರಾದ್ಧಾಂತವೇ ಬೇಕಿರಲಿಲ್ಲ. ಅವಳು ಕೆಂಪನ್ನೇ ಒತ್ತಬೇಕೆಂದು ಮನಸ್ಸು ಗಟ್ಟಿ ಮಾಡಿಕೊಂಡು ಕೈ ಎತ್ತಿದಳು. ಎಲ್ಲರೂ ನೋಡುತ್ತಿದ್ದರು, ಚಾಂದಸಾಬನ ಅನ್ನ ಇದರ ಮೇಲೆ ನಿಂತಿತ್ತು, ಹಿಂದೆ ಬೆರಳಿಲ್ಲದ ಮಗಳು ಕೂತಿದ್ದಳು. ಇಷ್ಟೆಲ್ಲ ಇದ್ದೂ ಅವಳ ಕೈ ಕರಿ ಬಟನ್ನಿನ ಮೇಲೆ ಹೋಗಿ ನಿಂತಿತ್ತು. ಎದುರಿಗೆ ಕೆಂಪು ರೇಷ್ಮೆ ಓಡುತ್ತಿತ್ತು. ಕೈ ಅದನ್ನು ಕಾಯುತ್ತಿತ್ತು. ಇದು ತನ್ನ ಕೈಯೇ ಹೌದೋ ಅಲ್ಲವೋ ಎಂದು ಶೇಖವ್ವ ಅದನ್ನೇ ನೋಡಿದಳು. ಅವಳಿಗೆ ತನ್ನ ಬಗ್ಗೆ ತನಗೇ ಭಯವಾಯಿತು.

ಎಡಗೈಯಿಂದ ಬಲಗೈಯನ್ನು ಹಿಡಿದು ಅತ್ತ ಸರಿಸಿ, ಅಂಗೈ ಊರಿ ಕೆಂಪು ಬಟನ್ನು ಒತ್ತಿದಳು.

ಡ್ರಮ್ಮು ಅಲ್ಲೇ ನಿಂತಿತು. ನಿಂತ ಹೊಡೆತಕ್ಕೆ ಶೆಡ್ಡಿನ ನೆಲ ಅದುರಿತು. ಸ್ಟ್ಯಾಂಡಿನ ಬಾಬಿನ್ನುಗಳು ಗರಗರ ತಿರುಗಿ ಕೆಂಪು ರೇಷ್ಮೆಯನ್ನು ಉಗುಳಿದವು. ಎಳೆಗೆ ಎಳೆ ಸುತ್ತಿ, ಜೋತುಬಿದ್ದು, ನೆಲಕ್ಕೆ ಇಳಿದು, ನೋಡನೋಡುತ್ತ ಎಲ್ಲವೂ ಸಿಕ್ಕಾಯಿತು. ನಿಂಗಣ್ಣ ತಲೆಯ ಮೇಲೆ ಕೈ ಹೊತ್ತ. ಶಂಭು ಒಮ್ಮೆ ಸ್ಟ್ಯಾಂಡನ್ನು, ಒಮ್ಮೆ ಡ್ರಮ್ಮನ್ನು ನೋಡಿದ. ಅಂದು ಮಷೀನು ಹೀಗೆ ನಿಂತಿದ್ದರೆ ಈ ಹಾಸು ಹಾಗೆ ಉಳಿಯುತ್ತಿರಲಿಲ್ಲ ಎಂಬುದು ನಿಧಾನವಾಗಿ ಅವನ ಮುಖದ ಮೇಲೆ ಬಂತು.

"ಅವತ್ತ ನಾ ಇದನ್ನ ಒತ್ತಲಿಲ್ಲ," ಎಂದಳು ಶೇಖವ್ವ. "ಕರೇದ ಒತ್ತಿದ್ನಿ. ಚಾಂದಾಂದು ಏನೂ ತಪ್ಪಿಲ್ಲ. ನಾ ಸುಳ್ಳ ಹೇಳೇನಿ."

ಶಂಭು ಮುಂದೆ ಬಂದ. ಹೊಡೆಯುತ್ತಾನೆ ಎಂದೇ ಎಲ್ಲರೂ ಅಂದುಕೊಂಡರು. ಹೊಡೆಯಲಿ ಎಂದೇ ಶೇಖವ್ವ ನಿಂತಿದ್ದಳು. ಅವನು ಕೈ ಎತ್ತಲಿಲ್ಲ, ಅವನ ದನಿಯೂ ಏರಲಿಲ್ಲ. ರೇಷ್ಮಿ ಸಲುವಾಗಿ ಏನಕ್ಕಾ, ಎಂದು ಕೇಳಿದ ಅಷ್ಟೇ.

ಅಷ್ಟರಲ್ಲಿ ಪ್ರಿಯದರ್ಶಿನಿ ಎದ್ದಿದ್ದಳು. ಅಪ್ಪನ ಹತ್ತಿರವೂ ಬರಲಿಲ್ಲ, ದೊಡ್ಡವ್ವನ ಹತ್ತಿರವೂ ಬರಲಿಲ್ಲ. ನೇರ ಸ್ಟ್ಯಾಂಡಿಗೆ ಹೋಗಿ, ನೆಲಕ್ಕೆ ಬಿದ್ದ ರೇಷ್ಮೆಯನ್ನು ಎಡಗೈಯಿಂದ ಎತ್ತಿ, ಪಟ್ಟಿ ಕಟ್ಟಿದ ಬಲಗೈಯ ಮೇಲೆ ಮೆತ್ತಗೆ ಹೇರಿಕೊಳ್ಳತೊಡಗಿದಳು. ತುಳಿಯಬೇಡಿ ಎಂದು ಹತ್ತಿರ ನಿಂತವರಿಗೆ ಹೇಳಿದಳು. ಆಮೇಲೆ, ತಲೆ ಎತ್ತದೆಯೇ, ಎಲ್ಲಕ್ಕಿಂತ ಸಾದಾ ಮಾತಿನ ಹಾಗೆ ಆ ಮಾತು ಆಡಿದಳು.

"ದೊಡ್ಡವ್ವಗ ಏನೂ ಅನಬ್ಯಾಡಪ್ಪಾ. ಆಕಿ ಜಾಗಾದಾಗ ನಾ ಇದ್ರೂ ಕರೇದ ಒತ್ತತಿದ್ನಿ."

ಶಂಭು ಹೊಡೆದಿದ್ದರೆ ಇಷ್ಟು ನೋಯುತ್ತಿರಲಿಲ್ಲ. ಕ್ಷಮೆ ಸಿಕ್ಕಿತು ಎಂದು ಬೇರೆ ಯಾರಾದರೂ ಆಗಿದ್ದರೆ ಅಲ್ಲೇ ಕುಸಿದು ಅತ್ತು ಹಗುರಾಗುತ್ತಿದ್ದರು. ಶೇಖವ್ವನಿಗೆ ಅದು ಕ್ಷಮೆಯಾಗಿ ಕೇಳಲಿಲ್ಲ. ಹುಡುಗಿ ಖರೆಯೇ ಹೇಳುತ್ತಿದ್ದಾಳೆ, ಖಂಡಿತ ಕರಿಯದನ್ನೇ ಒತ್ತುತ್ತಾಳೆ, ನಾಳೆ ತನ್ನ ಹೊಟ್ಟೆಯ ಮಗುವಿನ ಕೈ ಸಿಕ್ಕರೂ ಒತ್ತುತ್ತಾಳೆ. ಕೂಸಿದ್ದಾಗಿನಿಂದ ತಾನು ಅವಳಿಗೆ ಕಲಿಸಿದ್ದು ಇದನ್ನೇ. ಬೆರಳು ಹೋದರೂ ಆ ಕಲಿಕೆ ಹೋಗಿರಲಿಲ್ಲ.

ಅವಳು ಹೋಗಿ ಹುಡುಗಿಯ ತೋಳಿನ ಮೇಲಿದ್ದ ರೇಷ್ಮೆಯನ್ನು ತೆಗೆದು ನೆಲಕ್ಕೆ ಹಾಕಿದಳು. ಎಡಗೈ ಹಿಡಿದು ಎಬ್ಬಿಸಿ ಬಟನ್ನುಗಳ ಮುಂದೆ ತಂದು ನಿಲ್ಲಿಸಿದಳು. ಬಟನ್ನು ತಿರುವಿ ಮೇಲೆಬ್ಬಿಸು, ಚಾಲೂ ಮಾಡು ಎಂದು ಚಾಂದಸಾಬನಿಗೆ ಹೇಳಿದಳು. ಅವನು ನಿಂಗಣ್ಣನ ಮುಖ ನೋಡಿದ. ಸಿಕ್ಕು ಬಿಡಿಸದೆ ನಡೆಸಿದರೆ ಹಾಸೇ ಹೋಗುತ್ತದೆ ಎಂದು ನಿಂಗಣ್ಣ ಬಾಯಿ ಬಾಯಿ ಬಡಿದುಕೊಂಡ. ಶಂಭು ಅವನನ್ನು ತಡೆದು, ನಡೆಸು ಎಂದ.

ಡ್ರಮ್ಮು ಹೊರಟಿತು. ಸಿಕ್ಕಾದ ಎಳೆಗಳು ಬಿಗಿದು ಪಟಪಟ ಹರಿಯತೊಡಗಿದವು. ಒಂದೊಂದು ಹರಿದಾಗಲೂ ಹುಡುಗಿ ಬೆಚ್ಚುತ್ತಿದ್ದಳು.

"ಒತ್ತು," ಎಂದಳು ಶೇಖವ್ವ.

ಹುಡುಗಿ ಒತ್ತಿದಳು. ಡ್ರಮ್ಮು ನಿಧಾನಕ್ಕೆ, ಮರ್ಯಾದೆಯಿಂದ ಬಂದು ನಿಂತಿತು. ಕರಿಯದು.

ಶೇಖವ್ವ ಬೈಯಲಿಲ್ಲ. ಮತ್ತೆ ಚಾಲೂ ಮಾಡಿಸಿದಳು. ಹರಿದ ಎಳೆಗಳು ಗಾಳಿಗೆ ಹಾರುತ್ತ ಡ್ರಮ್ಮಿನ ಜೊತೆ ಸುತ್ತುತ್ತಿದ್ದವು. ಬಿಡು ದೊಡ್ಡವ್ವ, ಎಳಿ ಹಾಳಾಗ್ತಾವ ಎಂದು ಹುಡುಗಿ ಅಂಗಲಾಚಿದಳು. ಅವಳ ಎಡಗೈ ಎರಡು ಬಟನ್ನುಗಳ ನಡುವೆ ಅತ್ತಿತ್ತ ಸರಿಯುತ್ತಿತ್ತು. ಶೇಖವ್ವ ಅದನ್ನು ಮುಟ್ಟಲಿಲ್ಲ. ಕೆಂಪನ್ನು ಒತ್ತುವುದನ್ನು ಅವಳ ಕೈಯೇ ಕಲಿಯಬೇಕಿತ್ತು.

ಹುಡುಗಿ ಕಣ್ಣು ಮುಚ್ಚಿ ಕೆಂಪು ಬಟನ್ನು ಒತ್ತಿದಳು. ಡ್ರಮ್ಮು ಗಕ್ಕನೆ ನಿಂತಿತು, ಉಳಿದಿದ್ದ ರೇಷ್ಮೆಯೂ ಸುರಿದು ಸಿಕ್ಕಾಯಿತು. ಜೀಪಿನಲ್ಲಿ ಅಳದವಳು, ದವಾಖಾನೆಯಲ್ಲಿ ಬೆರಳು ತೆಗೆದು ಪಟ್ಟಿ ಕಟ್ಟುವಾಗಲೂ ಒಂದು ಹನಿ ಸುರಿಸದವಳು ಈಗ ಆ ಎಳೆಗಳನ್ನು ನೋಡುತ್ತ ಬಿಕ್ಕಿ ಬಿಕ್ಕಿ ಅಳತೊಡಗಿದಳು. ಹೆತ್ತ ತಾಯಿ ಸತ್ತ ಸುದ್ದಿ ಈಗಷ್ಟೇ ಬಂತೇನೋ ಎಂಬ ಹಾಗೆ ಅತ್ತಳು. ಶೇಖವ್ವನ ಕಣ್ಣಲ್ಲೂ ನೀರಿಳಿಯುತ್ತಿತ್ತು. ಸೆರಗಿನಿಂದ ಹುಡುಗಿಯ ಮುಖ ಒರೆಸಿದಳು, ತನ್ನದು ಒರೆಸಿಕೊಳ್ಳಲಿಲ್ಲ.

"ಚಾಂದಾ," ಎಂದಳು, "ಮತ್ತ ಚಾಲೂ ಮಾಡು."